ಈ ಗುಂಡಿ ಏನು ಮಾಡಲ್ಲ?

ನಿಮ್ಮ ಕಾರಿನೊಳಗೆ ಒಟ್ಟು ಎಷ್ಟು ಗುಂಡಿಗಳಿವೆ ಅಂತ ಯಾವತ್ತಾದರೂ ಎಣಿಸಿದ್ದೀರಾ? ನಾನು ಎಣಿಸಿದ್ದೇನೆ. ಅಪ್ಪನ ಹೊಸ ಕಾರಿನ ಸ್ಟೀರಿಂಗ್ ಮೇಲೇ 16 ಇವೆ. ಡ್ಯಾಶ್‌ಬೋರ್ಡು, ಬಾಗಿಲು, ಗೇರಿನ ಪಕ್ಕ, ತಲೆ ಮೇಲೆ ಎಲ್ಲಾ ಸೇರಿದರೆ 51. ಟಚ್‌ಸ್ಕ್ರೀನಿನ ಒಳಗೆ ಅಡಗಿ ಕೂತಿರೋವು ಲೆಕ್ಕಕ್ಕಿಲ್ಲ. ಇದರಲ್ಲಿ ನಾವು ದಿನಾ ಮುಟ್ಟೋದು ಏಳೋ ಎಂಟೋ. ಉಳಿದವು ಅಟ್ಟದ ಮೇಲಿನ ಹಳೇ ಪಾತ್ರೆಗಳ ಥರ. ಇವೆ ಅಂತ ಗೊತ್ತು, ಯಾತಕ್ಕೆ ಅಂತ ಗೊತ್ತಿಲ್ಲ.

ಅಪ್ಪ ಹಿಂದೆ ಓಡಿಸುತ್ತಿದ್ದದ್ದು ಮಾರುತಿ 800. ದೀಪ, ವೈಪರ್, ಹಾರ್ನ್, ಫ್ಯಾನ್, ಚೋಕ್. ಮುಗೀತು. ಆ ಕಾರು ನಾವು ಹೇಳಿದ್ದನ್ನು ಮಾಡುತ್ತಿತ್ತು, ಇಲ್ಲವಾದರೆ ಮಾಡುತ್ತಿರಲಿಲ್ಲ. ನಾವು ಹೇಳದೇ ಇದ್ದದ್ದನ್ನು ತಾನಾಗೇ ಮಾಡೋ ಅಭ್ಯಾಸ ಅದಕ್ಕಿರಲಿಲ್ಲ. ಹೊಸ ಕಾರುಗಳ ವಿಷಯ ಹಾಗಲ್ಲ. ಅವು ನೋಡ್ತವೆ, ಕೂಗ್ತವೆ, ಸ್ಟೀರಿಂಗ್ ಜಗ್ಗುತ್ತವೆ, ಬ್ರೇಕ್ ಹಾಕ್ತವೆ. ಇದಕ್ಕೆಲ್ಲಾ ಸೇರಿ ಅಡಾಸ್ ಅಂತ ಹೆಸರು. ಚಾಲಕನಿಗೆ ನೆರವಾಗುವ ವ್ಯವಸ್ಥೆ ಅಂತ ಅರ್ಥ. ನಮ್ಮಮ್ಮ ಅದನ್ನು ಕೇಳಿದ ತಕ್ಷಣ, "ಅಡಾಸೋ, ನಮ್ಮನ್ನ ಆಡ್ಸೋದೋ?" ಅಂದಿದ್ದರು. ಆಗ ನಕ್ಕೆವು. ಆಮೇಲೆ ಅದೇ ಮಾತು ಮನೆಯಲ್ಲಿ ದೊಡ್ಡ ಚರ್ಚೆ ಆಯಿತು.

ಅಪ್ಪ ಅಮ್ಮ ಇರೋದು ಭದ್ರಾವತಿ ನ್ಯೂಟೌನಿನಲ್ಲಿ. ಅಪ್ಪ ವಿಐಎಸ್‌ಎಲ್‌ನಲ್ಲಿ ಕ್ರೇನ್ ಆಪರೇಟರ್ ಆಗಿ ನಿವೃತ್ತರಾದವರು. ಈಗ 69. ಅಮ್ಮನ ಮಂಡಿ ಆಪರೇಷನ್ ಆದ ಮೇಲೆ ಪ್ರತಿ ಗುರುವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಫಿಸಿಯೋಥೆರಪಿ. ಎರಡು ಬೀದಿ ಆಚೆ ನಮ್ಮ ಮನೆ. ಥೆರಪಿ ಮುಗಿಸಿ, ಇಲ್ಲಿ ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ಸಂಜೆಯೊಳಗೆ ವಾಪಸ್. ಬೆಂಗಳೂರಲ್ಲಿರೋ ತಮ್ಮ, "ಅಪ್ಪಂಗೆ ವಯಸ್ಸಾಯ್ತು, ಸೇಫ್ ಆಗಿರೋ ಕಾರೇ ಇರಲಿ" ಅಂತ ಅಡಾಸ್ ಇರೋ ಆಟೋಮ್ಯಾಟಿಕ್ ಕಾರನ್ನೇ ಕೊಡಿಸಿದ. ಶೋರೂಮಿನಲ್ಲಿ ಹುಡುಗನೊಬ್ಬ ಬೀಗ ಕೊಟ್ಟು, ಫೋಟೋ ತೆಗೆದು, ಕೇಕ್ ಕತ್ತರಿಸಿ, ಫೋನನ್ನು ಬ್ಲೂಟೂತಿಗೆ ಜೋಡಿಸೋದು ಹೇಗೆ ಅಂತ ತೋರಿಸಿದ. ಅಡಾಸ್ ಬಗ್ಗೆ ಕೇಳಿದ್ದಕ್ಕೆ, "ಅದೆಲ್ಲಾ ಆಟೋಮ್ಯಾಟಿಕ್ ಸರ್, ಅದರ ಪಾಡಿಗೆ ಅದು ನೋಡ್ಕೊಳ್ಳುತ್ತೆ" ಅಂದ.

ಎರಡನೇ ತಿಂಗಳಲ್ಲಿ ಅದು ತನ್ನ ಪಾಡಿಗೆ ನೋಡಿಕೊಂಡಿತು. ದುರ್ಗಿಗುಡಿ ಎಂಥ ಜಾಗ ಅಂತ ಶಿವಮೊಗ್ಗದವರಿಗೆ ಹೇಳಬೇಕಿಲ್ಲ. ಎರಡೂ ಕಡೆ ಅಂಗಡಿ, ಅಂಗಡಿ ಮುಂದೆ ಬೈಕು, ಬೈಕಿನ ಮುಂದೆ ತಳ್ಳುಗಾಡಿ, ನಡುವೆ ಉಳಿದ ಜಾಗದಲ್ಲಿ ಜನ ಮತ್ತು ನಾವು. ಅಡ್ಡ ಗಲ್ಲಿಯಿಂದ ಸ್ಕೂಟಿಯೊಂದು ನುಗ್ಗಿತು. ಅಪ್ಪ ನೋಡಿದ್ದರು, ಕಾಲು ಬ್ರೇಕಿನ ಕಡೆ ಹೊರಟಿತ್ತು. ಅಷ್ಟರಲ್ಲಿ ಕಾರು ಕಿರುಚಿ, ತಾನೇ ಬ್ರೇಕ್ ಹಾಕಿ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಅಮ್ಮನ ಭುಜ ಮುಂದಿನ ಸೀಟಿಗೆ ಬಡಿಯಿತು. ಸ್ಕೂಟಿಯ ಹುಡುಗಿ ತಿರುಗಿಯೂ ನೋಡದೆ ಹೋದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಪ್ಪನ ಮುಖದಲ್ಲಿ ರಕ್ತ ಇರಲಿಲ್ಲ. ಗೇರ್‌ಬಾಕ್ಸೇ ಹಿಡಿದುಕೊಂಡಿತು ಅಂದುಕೊಂಡಿದ್ದರಂತೆ. "ನಾನು ಹಾಕಿಲ್ಲ ಬ್ರೇಕು. ಯಾರು ಹಾಕಿದ್ದು?" ಅಂತ ನಮ್ಮ ಮನೆಗೆ ಬಂದ ಮೇಲೂ ಎರಡು ಸಲ ಕೇಳಿದರು.

ವಿಷಯ ತಮ್ಮನಿಗೆ ಮುಟ್ಟಿತು. ಅವನ ತೀರ್ಮಾನ ಫೋನಲ್ಲೇ ಬಂತು. "ಅಪ್ಪ, ನೀವಿನ್ನು ಓಡಿಸೋದು ಬೇಡ. ಡ್ರೈವರ್ ಇಡೋಣ. ಹೇಗೂ ಲೈಸೆನ್ಸ್ ಮುಗೀತಾ ಬಂತಲ್ಲ, ರಿನ್ಯೂ ಮಾಡಿಸೋದೇ ಬೇಡ." ಅಪ್ಪ ವಾದ ಮಾಡಲಿಲ್ಲ. ಹತ್ತು ದಿನ ಕಾರು ಕವರ್ ಹೊದ್ದು ನಿಂತಿತು. ಆ ಗುರುವಾರ ಅಮ್ಮ ಬಸ್ಸಲ್ಲಿ ಬಂದರು. ಬಸ್ ಮೆಟ್ಟಿಲು ಹತ್ತುವಾಗ ಆಪರೇಷನ್ ಆದ ಕಾಲನ್ನು ಕೈಯಿಂದ ಎತ್ತಿ ಇಡಬೇಕಾಯಿತು ಅಂತ ಹೇಳುವಾಗ ಅಪ್ಪ ಕಿಟಕಿ ಕಡೆ ನೋಡುತ್ತಿದ್ದರು.

ಅವತ್ತು ಊಟ ಆದ ಮೇಲೆ ಅಪ್ಪ ನನ್ನನ್ನು ಕರೆದು, "ಪುಟ್ಟಿ, ಕಾರಿನ ಪುಸ್ತಕ ಇದೆಯಲ್ಲ, ಅದನ್ನು ಕನ್ನಡದಲ್ಲಿ ಓದಿ ಹೇಳ್ತೀಯಾ?" ಅಂದರು.

ಪುಸ್ತಕ ಅಂದರೆ ಮ್ಯಾನುಯಲ್. ಇಂಗ್ಲಿಷಿನಲ್ಲಿ ದಪ್ಪಗೆ, ಅರ್ಧಕ್ಕರ್ಧ ಎಚ್ಚರಿಕೆಗಳೇ ತುಂಬಿರೋದು. ನಮ್ಮಲ್ಲಿ ಬಹಳಷ್ಟು ಜನರ ಕಾರಿನಲ್ಲಿ ಅದು ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಗ್ಲೋವ್‌ಬಾಕ್ಸಿನಲ್ಲಿ ಹಾಯಾಗಿರುತ್ತದೆ. ಗುಂಡಿಗಳ ಮೇಲಿನ ಚಿತ್ರಗಳನ್ನು ಐಎಸ್‌ಒ ಸಂಸ್ಥೆ ಲೋಕಕ್ಕೆಲ್ಲಾ ಒಂದೇ ಥರ ಇರಲಿ ಅಂತ ಗೊತ್ತುಮಾಡಿದೆ. 2575 ಅನ್ನೋದು ಆ ಮಾನದಂಡದ ಸಂಖ್ಯೆ. ಭಾಷೆಯ ತೊಂದರೆ ಬೇಡ ಅಂತ ಚಿತ್ರ ಮಾಡಿದರು. ಚಿತ್ರ ಓದೋದನ್ನು ಕಲಿಸುವವರು ಯಾರು ಅನ್ನೋದನ್ನು ಮರೆತರು.

ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆವು. ಅಪ್ಪ ಸ್ಕೇಲ್ ಇಟ್ಟು ಮೂರು ಕಾಲಂ ಗೆರೆ ಎಳೆದರು. ಮೊದಲನೆಯದಕ್ಕೆ 'ಏನು ಮಾಡುತ್ತೆ', ಎರಡನೆಯದಕ್ಕೆ 'ಏನು ಮಾಡಲ್ಲ', ಮೂರನೆಯದಕ್ಕೆ 'ಕೈಬಿಡುವ ಮುಂಚೆ ಹೇಳುತ್ತಾ'. ಫ್ಯಾಕ್ಟರಿಯಲ್ಲಿ ಹೊಸ ಮಷೀನ್ ಬಂದಾಗ ಹೀಗೇ ಬರೆದುಕೊಳ್ಳುತ್ತಿದ್ದರಂತೆ. ಮೂರು ಗುರುವಾರ, ಊಟದ ಮೇಜಿನ ಮೇಲೆ, ಆ ಕಾಲಂಗಳನ್ನು ತುಂಬಿದೆವು. ಅದರಲ್ಲಿ ನಿಮಗೂ ಉಪಯೋಗ ಆಗೋ ಕೆಲವನ್ನು ಇಲ್ಲಿ ಹೇಳ್ತೀನಿ.

ಮೊದಲು ದೀಪಗಳು. ಡ್ಯಾಶ್‌ಬೋರ್ಡಿನ ದೀಪಗಳಿಗೆ ಸಿಗ್ನಲ್ಲಿನದೇ ನ್ಯಾಯ. ಕೆಂಪು ಅಂದರೆ ಅಪಾಯ. ಎಣ್ಣೆ ಜಿನುಗುವ ಕುಪ್ಪಿಯ ಚಿತ್ರ ಕೆಂಪಾಗಿ ಹತ್ತಿದರೆ ಪಕ್ಕಕ್ಕೆ ಹಾಕಿ ಇಂಜಿನ್ ಆರಿಸಬೇಕು, 'ಮನೆ ಹತ್ತಿರಾನೇ ಇದೆಯಲ್ಲ' ಅನ್ನಬಾರದು. ಹಳದಿ ಅಂದರೆ ಬೇಗ ತೋರಿಸಿ. ಹಸಿರು, ನೀಲಿ ಅಂದರೆ ಬರೀ ಸಮಾಚಾರ. ನೀಲಿ ಹತ್ತಿದ್ದರೆ ಹೈಬೀಮ್ ಇದೆ ಅಂತ, ಎದುರಿನವನು ನಿಮಗೆ ಬೈಯುತ್ತಿದ್ದಾನೆ ಅಂತ.

ಕಾರಿನ ಚಿತ್ರ, ಅದರ ಹೊಟ್ಟೆಯೊಳಗೆ ಸುತ್ತಿಕೊಂಡ ಬಾಣ. ಇದು ಒಳಗಿನ ಗಾಳಿಯನ್ನೇ ತಿರುಗಿಸೋ ಗುಂಡಿ. ಒತ್ತಿದರೆ ಹೊರಗಿನ ಗಾಳಿ ಬರೋದಿಲ್ಲ, ಏಸಿ ಬೇಗ ತಂಪು ಮಾಡುತ್ತೆ, ಮುಂದಿನ ಲಾರಿಯ ಹೊಗೆ ತಪ್ಪುತ್ತೆ. ಏನು ಮಾಡಲ್ಲ? ಗಾಳಿಯನ್ನು ಹೊಸದು ಮಾಡಲ್ಲ. ನಾಲ್ಕು ಜನ ಉಸಿರು ಬಿಟ್ಟಿದ್ದನ್ನೇ ನಾಲ್ಕು ಜನಕ್ಕೆ ಬಡಿಸುತ್ತೆ. ದೂರದ ಪ್ರಯಾಣದಲ್ಲಿ ಇದನ್ನು ಹಾಕಿಯೇ ಇಟ್ಟರೆ ಮಂಪರು ಬರುತ್ತೆ. ನಮ್ಮ ಮಲೆನಾಡಿನ ಮಳೆಯಲ್ಲಂತೂ ಗಾಜಿನ ಒಳಮೈಗೆಲ್ಲಾ ಆವಿ ಕಟ್ಟಿ ಮಬ್ಬಾಗುತ್ತೆ. ಆಗ ಬಟ್ಟೆ ತಗೊಂಡು ಒರೆಸೋದಲ್ಲ. ಈ ಗುಂಡಿ ತೆಗೆದು, ಏಸಿ ಹಾಕಿ, ಗಾಳಿಯನ್ನು ಗಾಜಿನ ಕಡೆ ತಿರುಗಿಸಬೇಕು. ಬೀಸಣಿಗೆ ಆಕಾರದ ಚೌಕಟ್ಟಲ್ಲಿ ಮೂರು ಬಳುಕು ಬಾಣ ಇದ್ದರೆ ಅದು ಮುಂದಿನ ಗಾಜಿಗೆ. ಆಯತದಲ್ಲಿದ್ದರೆ ಹಿಂದಿನ ಗಾಜಿಗೆ.

ಸ್ಟೀರಿಂಗಿನ ಬಲಕ್ಕೆ, ಕೆಳಗೆ, 0 ಇಂದ 3ರ ತನಕ ಅಂಕಿ ಇರೋ ಪುಟ್ಟ ಚಕ್ರ ನಿಮ್ಮ ಕಾರಲ್ಲೂ ಇರಬಹುದು. ಅದು ಹೆಡ್‌ಲೈಟಿನ ಎತ್ತರ. ಹಿಂದೆ ಮೂರು ಜನ, ಡಿಕ್ಕಿ ತುಂಬ ಅಕ್ಕಿ ಚೀಲ ಇದ್ದರೆ ಕಾರಿನ ಮೂತಿ ಮೇಲೇಳುತ್ತೆ, ಬೆಳಕು ಎದುರಿನವನ ಕಣ್ಣಿಗೆ ಹೊಡೆಯುತ್ತೆ. ಅಂಕಿ ಹೆಚ್ಚಿಸಿದರೆ ಬೆಳಕು ಕೆಳಗಿಳಿಯುತ್ತೆ. ಇಷ್ಟೇ. ಮೊನ್ನೆ ಐದು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ.

ಕಾರಿನ ಹಿಂದೆ ಹಾವಿನ ಥರ ಗೆರೆ ಇರೋ ಗುಂಡಿ ಜಾರಿಕೆ ತಡೆಯೋದು, ಇಎಸ್‌ಸಿ. ತಿರುವಿನಲ್ಲಿ ಗಾಡಿ ಜಾರತೊಡಗಿದರೆ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ನೇರ ಮಾಡುತ್ತೆ. 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಾಷ್ ಕಂಪನಿಯ ಜೊತೆ ಸೇರಿ ತಂದದ್ದು. ಆ ದೀಪ ಮಿಣಕಿದರೆ ಅದು ಕೆಲಸ ಮಾಡ್ತಿದೆ ಅಂತ. ಆಫ್ ಅಂತ ಹತ್ತಿಯೇ ಇದ್ದರೆ ನೀವು ಆರಿಸಿದ್ದೀರಿ ಅಂತ. ತೋಟದ ಕೆಸರಲ್ಲಿ ಚಕ್ರ ಹೂತು, ಗಾಡಿ ಮೇಲೆ ಬರಲು ಒದ್ದಾಡುವಾಗ ಮಾತ್ರ ಆರಿಸಬೇಕು. ಟಾರು ಸಿಕ್ಕ ಕೂಡಲೇ ಮತ್ತೆ ಹಾಕಬೇಕು. ಗುಂಡಿ ಕೊಟ್ಟಿರೋದು ಒತ್ತೋಕೆ ಅಂತ ಸುಮ್ಮನೆ ಒತ್ತೋದಲ್ಲ.

ಇನ್ನು ಕೂಗುಗಳು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ವೇಗದ ಎಚ್ಚರಿಕೆ, ಮುಂದಿನ ಇಬ್ಬರ ಬೆಲ್ಟ್ ನೆನಪಿಸುವ ಗಂಟೆ, ಹಿಂದಕ್ಕೆ ತೆಗೆಯುವಾಗಿನ ಸೆನ್ಸರ್ ಕಡ್ಡಾಯವಾದವು. 80 ದಾಟಿದರೆ ಆಗಾಗ ಕೂಗುತ್ತೆ, 120 ದಾಟಿದರೆ ಬಿಡದೆ ಕೂಗುತ್ತೆ. ಬೆಲ್ಟಿನ ಗಂಟೆಗೆ ನಮ್ಮವರ ಉತ್ತರ ಗೊತ್ತೇ ಇದೆ: ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ ಕೂರೋದು, ಇಲ್ಲಾ ಬರೀ ಕ್ಲಿಪ್ ಕೊಂಡುತಂದು ತುರುಕೋದು. ಏರ್‌ಬ್ಯಾಗ್ ಇದೆಯಲ್ಲ ಅಂತಾರೆ. ಏರ್‌ಬ್ಯಾಗಿನ ಮೇಲೆ ಎಸ್‌ಆರ್‌ಎಸ್ ಅಂತ ಬರೆದಿರುತ್ತೆ, ಅದರ ಮೊದಲ ಅಕ್ಷರದ ಅರ್ಥವೇ 'ಜೊತೆಗೆ ಕೊಟ್ಟಿದ್ದು' ಅಂತ. ಊಟ ಬೆಲ್ಟು, ಉಪ್ಪಿನಕಾಯಿ ಏರ್‌ಬ್ಯಾಗು. ಇದನ್ನು ಓದಿದ ದಿನದಿಂದ ಅಮ್ಮ ಹಿಂದಿನ ಸೀಟಲ್ಲೂ ಬೆಲ್ಟ್ ಹಾಕ್ತಾರೆ. ಭುಜ ಬಡಿದ ನೆನಪೂ ಇತ್ತು ಅನ್ನಿ.

ಮೂರನೇ ಗುರುವಾರ ಅಡಾಸ್ ಅಧ್ಯಾಯ. ಅಪ್ಪ ಕುರ್ಚಿ ಎಳೆದುಕೊಂಡು ನೇರ ಕೂತರು.

ಮೊದಲು ಕ್ರೂಸ್ ಕಂಟ್ರೋಲ್ ಬಂತು. ಒಂದು ವೇಗ ಗೊತ್ತುಮಾಡಿ ಕಾಲು ತೆಗೆದರೆ ಕಾರು ಅದೇ ವೇಗದಲ್ಲಿ ಹೋಗುತ್ತೆ. ಇದನ್ನು ಕಂಡುಹಿಡಿದ ಅಮೆರಿಕದ ಇಂಜಿನಿಯರ್ ರಾಲ್ಫ್ ಟೀಟರ್ ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡವರು. ಜೊತೆಯಲ್ಲಿ ಕರೆದೊಯ್ಯುತ್ತಿದ್ದ ಅವರ ವಕೀಲರು ಮಾತಾಡುವಾಗ ಕಾರನ್ನು ನಿಧಾನ ಮಾಡಿ, ಕೇಳಿಸಿಕೊಳ್ಳುವಾಗ ಜೋರು ಮಾಡುತ್ತಿದ್ದರಂತೆ. ಆ ಎಳೆದಾಟ ತಾಳದೆ ಟೀಟರ್ ಇದನ್ನು ಯೋಚಿಸಿದರು ಅನ್ನೋ ಕಥೆ ಇದೆ. ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕ್ರೈಸ್ಲರ್ ಕಾರಿನಲ್ಲಿ ಬಂದಿದ್ದು 1958ರಲ್ಲಿ. ಅಪ್ಪನಿಗೆ ಈ ಕಥೆ ಬಹಳ ಹಿಡಿಸಿತು. "ಕಣ್ಣಿಲ್ಲದವರು ಮಾಡಿದ್ದು, ಅದಕ್ಕೂ ಕಣ್ಣಿಲ್ಲ" ಅಂದರು. ನಿಜ. ಹಳೇ ಕ್ರೂಸ್‌ಗೆ ಮುಂದೇನಿದೆ ಅಂತ ಗೊತ್ತೇ ಇರಲಿಲ್ಲ.

ಅದಕ್ಕೆ ಕಣ್ಣು ಕೊಟ್ಟದ್ದೇ ಅಡಾಸ್. ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ, ಕ್ಯಾಮೆರಾ. ಎಷ್ಟೋ ಕಾರುಗಳಲ್ಲಿ ಅದರ ಜೊತೆಗೆ ಬಂಪರಿನಲ್ಲೋ ಲಾಂಛನದ ಹಿಂದೆಯೋ ರೇಡಾರ್. ಕ್ಯಾಮೆರಾ ಆಕಾರ ಗುರುತಿಸುತ್ತೆ: ಇದು ಕಾರು, ಇದು ಮನುಷ್ಯ, ಇದು ಬಿಳಿ ಗೆರೆ. ರೇಡಾರ್ ಅಲೆ ಕಳಿಸಿ, ವಾಪಸ್ ಬಂದ ಅಲೆಯಿಂದ ದೂರ ಎಷ್ಟು, ವೇಗ ಎಷ್ಟು ಅಂತ ಅಳೆಯುತ್ತೆ. ಎರಡೂ ಸೇರಿ ಮುಂದಿನ ಗಾಡಿಗೆ ತಕ್ಕಂತೆ ವೇಗ ಕಮ್ಮಿ ಜಾಸ್ತಿ ಮಾಡುತ್ತವೆ, ಗೆರೆ ದಾಟಿದರೆ ಸ್ಟೀರಿಂಗ್ ಜಗ್ಗುತ್ತವೆ, ಡಿಕ್ಕಿಯೇ ಆಗುತ್ತೆ ಅನ್ನಿಸಿದರೆ ಮೊದಲು ಕೂಗಿ, ಆಮೇಲೂ ನೀವು ಏನೂ ಮಾಡದಿದ್ದರೆ ಬ್ರೇಕ್ ಹಾಕುತ್ತವೆ. 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700, ಎಂಜಿ ಆಸ್ಟರ್ ಬಂದ ಮೇಲೆ ಇದೆಲ್ಲಾ ನಮ್ಮಲ್ಲೂ ಮಧ್ಯಮ ಬೆಲೆಯ ಕಾರುಗಳಿಗೆ ಇಳಿಯಿತು.

"ಇಷ್ಟು ಮಾಡುತ್ತೆ. ಏನು ಮಾಡಲ್ಲ ಅದನ್ನ ಓದು" ಅಂದರು ಅಪ್ಪ.

ಆ ಪಟ್ಟಿ ಉದ್ದ ಇತ್ತು. ಜೋರು ಮಳೆಯಲ್ಲಿ, ದಟ್ಟ ಮಂಜಿನಲ್ಲಿ, ಎದುರು ಬಿಸಿಲಲ್ಲಿ ಸರಿಯಾಗಿ ಕಾಣದೇ ಇರಬಹುದು. ರಸ್ತೆಯ ಗೆರೆ ಅಳಿಸಿದ್ದರೆ ದಾರಿ ತಿಳಿಯದು. ಕಡಿದಾದ ತಿರುವಿನಲ್ಲಿ ಮುಂದಿನ ಗಾಡಿ ಕಣ್ತಪ್ಪಬಹುದು. ವೇಗದಲ್ಲಿರುವಾಗ ಎದುರು ನಿಂತೇ ಇರುವ ಗಾಡಿಯನ್ನು ಗುರುತಿಸದೇ ಇರಬಹುದು. ಪ್ರಾಣಿಗಳನ್ನು, ವಿಚಿತ್ರ ಆಕಾರದ ವಾಹನಗಳನ್ನು ಗುರುತಿಸದೇ ಇರಬಹುದು.

ಅಪ್ಪ ಒಂದೊಂದನ್ನೂ ನಮ್ಮ ದಾರಿಗೆ ಹೊಂದಿಸಿ ಬರೆದುಕೊಂಡರು. ನಿಂತ ಗಾಡಿ ಅಂದರೆ ರಾತ್ರಿ ಬಿ.ಎಚ್. ರಸ್ತೆಯ ಪಕ್ಕ ಹಿಂದಿನ ದೀಪ ಇಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್. ವಿಚಿತ್ರ ಆಕಾರ ಅಂದರೆ ಹುಲ್ಲು ಹೇರಿದ ಗಾಡಿ. ಪ್ರಾಣಿ ಅಂದರೆ ಹೇಳೋದೇ ಬೇಡ, ನಮ್ಮ ಬೀದಿ ದನಗಳು. ತಿರುವು ಅಂದರೆ 14 ಹೇರ್‌ಪಿನ್ ಇರೋ ಆಗುಂಬೆ ಘಾಟಿ. ಮಳೆ ಮಂಜಂತೂ ಅಲ್ಲಿ ಮನೆಯವರೇ. ಅಳಿಸಿದ ಗೆರೆ ಅಂದರೆ, ಇದ್ದ ರಸ್ತೆಯ ಹೆಸರು ಕೇಳಿ, ಅಷ್ಟು ಸುಲಭ.

ಬರೆದು ಮುಗಿಸಿ ಪೆನ್ನು ಕೆಳಗಿಟ್ಟು ಅಪ್ಪ ಹೇಳಿದ ಮಾತು ನನಗೆ ಇಡೀ ಮ್ಯಾನುಯಲ್ಲಿಗಿಂತ ಚೆನ್ನಾಗಿ ಅರ್ಥ ಆಯಿತು.

"ನಮ್ಮ ಕ್ರೇನಲ್ಲಿ ಲಿಮಿಟ್ ಸ್ವಿಚ್ ಅಂತ ಇರ್ತಿತ್ತು ಪುಟ್ಟಿ. ಕೊಕ್ಕೆ ಮೇಲಕ್ಕೆ ಹೋಗ್ತಾ ಹೋಗ್ತಾ ಡ್ರಮ್ಮಿಗೆ ಬಡೀಬಾರದು ಅಂತ, ಕೊನೇ ಗಳಿಗೇಲಿ ಕರೆಂಟ್ ಕಡಿಯುತ್ತೆ. ಹೊಸ ಹುಡುಗರು ಏನು ಮಾಡೋರು ಗೊತ್ತಾ? ಸ್ವಿಚ್ ಇದೆಯಲ್ಲ ಅಂತ ಕೊಕ್ಕೆ ಎತ್ತಿ ಬಿಡೋರು, ಅದೇ ನಿಲ್ಲಿಸಲಿ ಅಂತ. ನಮ್ಮ ಫೋರ್‌ಮನ್ ಉಗೀತಿದ್ರು. ಲಿಮಿಟ್ ಸ್ವಿಚ್ಚು ನಿಲ್ಲಿಸೋಕಲ್ಲ ಇರೋದು. ನಿಲ್ಲಿಸೋನು ನೀನು. ನೀನು ತಪ್ಪಿದ ದಿನಕ್ಕೆ ಅದು. ದಿನಾ ಅದರ ಮೇಲೇ ಹಾಕಿದ್ರೆ ಬೇಕಾದ ದಿನ ಅದು ಇರಲ್ಲ."

ಶಿಫ್ಟ್ ಶುರುವಾದಾಗ ಭಾರ ಇಲ್ಲದ ಕೊಕ್ಕೆಯನ್ನು ಮೆಲ್ಲಗೆ ಎತ್ತಿ ಆ ಸ್ವಿಚ್ಚನ್ನು ಪರೀಕ್ಷೆ ಮಾಡುತ್ತಿದ್ದರಂತೆ. ಆಮೇಲೆ ಇಡೀ ಪಾಳಿ ಅದು ಇಲ್ಲವೇ ಇಲ್ಲ ಅನ್ನೋ ಹಾಗೆ ಕೆಲಸ. ಕೆಳಗೆ ಕಾದ ಉಕ್ಕಿನ ನಡುವೆ ಜನ ಓಡಾಡುವಾಗ ಬೇರೆ ದಾರಿಯಾದರೂ ಏನಿತ್ತು?

ಕಾರು ತಾನೇ ಹಾಕೋ ಬ್ರೇಕು ಲಿಮಿಟ್ ಸ್ವಿಚ್ಚು. ಅಷ್ಟು ತಿಳಿದಿದ್ದೇ ತಡ, ದುರ್ಗಿಗುಡಿಯಲ್ಲಿ ಆದದ್ದು ಅಪ್ಪನಿಗೆ ಭಯದ ವಿಷಯವಾಗಿ ಉಳಿಯಲಿಲ್ಲ. ಬ್ರೇಕ್ ಯಾರು ಹಾಕಿದ್ದು ಅಂತ ಈಗ ಗೊತ್ತು, ಯಾಕೆ ಅಂತ ಗೊತ್ತು. ಭಯ ಬಂದದ್ದು ಬ್ರೇಕಿನಿಂದ ಅಲ್ಲ, ಹೇಳದೇ ಬಂದದ್ದರಿಂದ.

ಇದರ ಇನ್ನೊಂದು ತುದಿಯೂ ಇದೆ. ಅದು ಹೆಚ್ಚು ಅಪಾಯದ್ದು. ಸ್ಟೀರಿಂಗ್ ಬಿಟ್ಟು ಕೈಕಟ್ಟಿ ಕೂತು, ಕೆಲವರು ಸೀಟೇ ಬಿಟ್ಟು ಪಕ್ಕಕ್ಕೆ ಸರಿದು, ಹೆದ್ದಾರಿಯಲ್ಲಿ ರೀಲ್ಸ್ ಮಾಡೋದನ್ನು ನೀವೂ ನೋಡಿರಬಹುದು. ಕಾರುಗಳ ಸ್ವಯಂಚಾಲನೆಯನ್ನು ಇಂಜಿನಿಯರುಗಳು 0 ಇಂದ 5ರ ತನಕ ಆರು ಮೆಟ್ಟಿಲು ಮಾಡಿದ್ದಾರೆ. ನಮ್ಮ ಅಂಗಡಿಗಳಲ್ಲಿ ದೊಡ್ಡದಾಗಿ ಬರೆದು ಮಾರುವ ಲೆವೆಲ್ 2 ಅಂದರೆ ಕಾರು ವೇಗವನ್ನೂ ಸ್ಟೀರಿಂಗನ್ನೂ ಹಿಡಿಯಬಹುದು, ಆದರೆ ರಸ್ತೆ ನೋಡೋ ಕೆಲಸ ಪ್ರತಿ ಕ್ಷಣವೂ ಮನುಷ್ಯನದೇ. 5ರಲ್ಲಿ 2 ಅಂದರೆ ಅರ್ಧವೂ ಅಲ್ಲ. ಅಪ್ಪ ಇದನ್ನು ಕೆಂಪು ಪೆನ್ನಲ್ಲಿ ಬರೆದರು.

2016ರ ಮೇ 7ರಂದು ಅಮೆರಿಕದ ಫ್ಲೋರಿಡಾದಲ್ಲಿ, ವಿಲಿಸ್ಟನ್ ಊರಿನ ಬಳಿ, ಆಟೋಪೈಲಟ್ ಹಾಕಿಕೊಂಡು ಹೋಗುತ್ತಿದ್ದ ಟೆಸ್ಲಾ ಕಾರು ಅಡ್ಡ ಬಂದ ಟ್ರಕ್ಕಿನ ಕೆಳಗೆ ನುಗ್ಗಿತು. ಬೆಳಗುವ ಆಕಾಶದ ಎದುರು ಬಿಳಿ ಟ್ರೇಲರ್. ಕಾರಿನ ಬ್ರೇಕು ಬೀಳಲೇ ಇಲ್ಲ. ಓಡಿಸುತ್ತಿದ್ದವರು ತೀರಿಹೋದರು. ತನಿಖೆ ನಡೆಸಿದ ಸಂಸ್ಥೆ ಟ್ರಕ್ಕಿನವನು ದಾರಿ ಬಿಡದ ತಪ್ಪಿನ ಜೊತೆಗೆ, ಕಾರಿನವರು ಯಂತ್ರವನ್ನು ಅತಿಯಾಗಿ ನಂಬಿದ್ದನ್ನೂ ಎತ್ತಿ ಹೇಳಿತು. 'ಕೈಬಿಡುವ ಮುಂಚೆ ಹೇಳುತ್ತಾ' ಅನ್ನೋ ಅಪ್ಪನ ಮೂರನೇ ಕಾಲಮ್ಮಿಗೆ ಇದೇ ಉತ್ತರ. ಕೆಲವು ಸಲ ಹೇಳುತ್ತೆ. ತನಗೆ ಕಾಣಲಿಲ್ಲ ಅನ್ನೋದೇ ಅದಕ್ಕೆ ಗೊತ್ತಿಲ್ಲದಿದ್ದರೆ ಹೇಳೋದು ಹೇಗೆ?

ಯಂತ್ರವೂ ಸರಿ, ಮನುಷ್ಯನೂ ಸರಿ ಇದ್ದು ಆಗುವುದೂ ಇದೆ. 2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಉರುಳಿ ಒಂದೇ ಮನೆಯ ಆರು ಜನ ಹೋದರು. ಸುರಕ್ಷತೆಗೆ ಹೆಸರಾದ ಕಾರು ಅದು. ಆ ವಾರ ನಮ್ಮ ಬೀದಿಯಲ್ಲಿ, "ಇಷ್ಟೆಲ್ಲಾ ಇದ್ದೂ ಏನು ಬಂತು?" ಅಂತಲೇ ಮಾತು. ಬೆಲ್ಟು, ಏರ್‌ಬ್ಯಾಗು, ಸೆನ್ಸರುಗಳಿಂದ ಬದುಕಿದವರ ಸುದ್ದಿ ಪೇಪರಿನಲ್ಲಿ ಬರೋದಿಲ್ಲ, ಅವರು ಮನೆಗೆ ಹೋಗಿ ಊಟ ಮಾಡಿರ್ತಾರೆ. ಆದರೆ ನಮ್ಮ ಕಾರೊಂದು ಸೇಫ್ ಆದರೆ ರಸ್ತೆ ಸೇಫ್ ಆಗೋದಿಲ್ಲ ಅನ್ನೋದೂ ಅಷ್ಟೇ ನಿಜ. 'ಏನು ಮಾಡಲ್ಲ' ಕಾಲಮ್ಮಿಗೆ ಅದನ್ನೂ ಸೇರಿಸಬೇಕು.

ಪುಸ್ತಕ ಮುಗಿದ ಮೇಲೆ ಪ್ರಾಕ್ಟಿಕಲ್. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ಭದ್ರಾವತಿಯಿಂದ ಮಾಚೇನಹಳ್ಳಿ ದಾಟಿ ವಿದ್ಯಾನಗರದ ತನಕ, ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು. ಒಂದೊಂದೇ ಗುಂಡಿ. ಗೆರೆ ಚೆನ್ನಾಗಿರೋ ಕಡೆ ಲೇನ್ ಸಹಾಯ ಹಾಕಿದರು. ಇಂಡಿಕೇಟರ್ ಹಾಕಿ ಸರಿದರೆ ಸುಮ್ಮನಿರುತ್ತೆ, ಹಾಕದೆ ಸರಿದರೆ ಸ್ಟೀರಿಂಗನ್ನು ಮೆಲ್ಲಗೆ ವಾಪಸ್ ಎಳೆಯುತ್ತೆ. ಇಂಡಿಕೇಟರ್ ಅನ್ನೋದು ಇದೆ ಅಂತ ನಮ್ಮ ಜನಕ್ಕೆ ನೆನಪಿಸೋಕೆ ಇಷ್ಟು ದುಬಾರಿ ಮೇಷ್ಟ್ರು ಬೇಕಾಯಿತು. ಸ್ವಲ್ಪ ಮುಂದೆ ರಸ್ತೆಯಲ್ಲೊಂದು ಗುಂಡಿ, ಒತ್ತೋದಲ್ಲ, ಬೀಳೋದು. ಅಪ್ಪ ತಪ್ಪಿಸಲು ಗೆರೆಯ ಮೇಲೆ ಹೋದರೆ ಕಾರು ನಿಷ್ಠೆಯಿಂದ ಅದೇ ಗುಂಡಿಯ ಕಡೆ ಎಳೆಯಿತು! ಕೈ ಗಟ್ಟಿ ಹಿಡಿದರೆ ಸಾಕು, ಕಾರು ಸೋಲುತ್ತೆ. ಅಪ್ಪ ಜೋರಾಗಿ ನಕ್ಕರು. "ಇದಕ್ಕೆ ಗೆರೆ ಗೊತ್ತು, ಗುಂಡಿ ಗೊತ್ತಿಲ್ಲ. ನಮ್ಮ ಊರಿನ ಗಾಡಿ ಅಲ್ಲ ಬಿಡು." ತುಂಗಾ ಸೇತುವೆ ಬರೋ ಮುಂಚೆಯೇ ಲೇನ್ ಸಹಾಯ ಆರಿಸಿದರು. ಊರೊಳಗೆ ಅದು ಬೇಡ, ಬ್ರೇಕಿನದು ಮಾತ್ರ ಇರಲಿ ಅಂತ ತೀರ್ಮಾನ.

ಆ ವರ್ಷದ ಆಯುಧಪೂಜೆಯಲ್ಲಿ ಮತ್ತೊಂದು ಪಾಠ. ಅಮ್ಮ ಎಂದಿನಂತೆ ಕಾರಿನ ಮೂತಿಗೆ ಸೇವಂತಿಗೆ ಹಾರ, ಲಾಂಛನಕ್ಕೆ ಗಂಧ ಕುಂಕುಮ, ಎರಡೂ ಕಡೆ ಬಾಳೆಕಂದು ಕಟ್ಟಿದರು. ಕಾರು ಸ್ಟಾರ್ಟ್ ಮಾಡಿದರೆ ಮುಂದಿನ ಸೆನ್ಸರ್ ಕೂಗು ನಿಲ್ಲದು, ಜೊತೆಗೆ ರೇಡಾರ್ ಮುಚ್ಚಿದೆ ಅನ್ನೋ ಹಳದಿ ಸಂದೇಶ. ದೇವರ ಹಾರ ತೆಗೆಯೋದು ಹೇಗೆ? ಅಮ್ಮನೇ ದಾರಿ ಹುಡುಕಿದರು. ನಿಂತಿದ್ದಾಗ ಪೂಜೆ, ನಿಂಬೆಹಣ್ಣಿನ ಮೇಲೆ ಚಕ್ರ ಹರಿಸೋದು, ಎಲ್ಲಾ ಮುಗಿಸಿ ಹಾರವನ್ನು ಬಾನೆಟ್ ಮೇಲಿಂದ ತೆಗೆದು ಹಿಂದಿನ ಗಾಜಿನ ಬಳಿ ಒಳಗಿಟ್ಟರು. ಕುಂಕುಮ ಲಾಂಛನದಿಂದ ಬಾಗಿಲಿಗೆ ವರ್ಗವಾಯಿತು. "ಅದರ ಕಣ್ಣಿಗೇ ಕುಂಕುಮ ಹಾಕಿದ್ರೆ ಪಾಪ ಅದು ಹೇಗೆ ನೋಡುತ್ತೆ?" ಅಂದರು.

ಉಳಿದದ್ದು ಲೈಸೆನ್ಸ್. ನಲವತ್ತು ದಾಟಿದವರು ರಿನ್ಯೂ ಮಾಡಿಸುವಾಗ ಡಾಕ್ಟರ ಸಹಿಯ ಫಾರಂ 1ಎ ಬೇಕು. ಐವತ್ತೈದು ದಾಟಿದವರಿಗೆ ಸಿಗೋದು ಐದು ವರ್ಷದ್ದು. ತಮ್ಮ ಇನ್ನೂ ಒಪ್ಪಿರಲಿಲ್ಲ. ಅವನ ಭಯವೂ ಸುಳ್ಳಲ್ಲ, ದೂರದಲ್ಲಿರೋ ಮಕ್ಕಳಿಗೆ ರಾತ್ರಿ ಫೋನ್ ಬಂದರೆ ಎದೆ ಹಾರುತ್ತೆ. "ಅಷ್ಟೆಲ್ಲಾ ಸೇಫ್ಟಿ ಇರೋ ಕಾರು ಕೊಡಿಸಿದ್ದೇ ಅಪ್ಪ ಓಡಿಸಲಿ ಅಂತ ಅಲ್ವೇನೋ?" ಅಂತ ನಾನು ಕೇಳಿದೆ. "ಕಾರಿನ ಬಗ್ಗೆ ಅನುಮಾನ ಇಲ್ಲ ಅಕ್ಕ" ಅಂದ. ಅಂದರೆ ಅನುಮಾನ ಯಾರ ಮೇಲೆ ಅಂತ ಇಬ್ಬರಿಗೂ ಗೊತ್ತಿತ್ತು. ಫೋನ್ ಸ್ಪೀಕರಿನಲ್ಲಿತ್ತು, ಆದ್ದರಿಂದ ಅಪ್ಪನಿಗೂ ಗೊತ್ತಾಯಿತು.

ಅಪ್ಪ ಆಗಲೂ ಏನೂ ಅನ್ನಲಿಲ್ಲ. ದುರ್ಗಿಗುಡಿಯಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತೋರಿಸಿಕೊಂಡು ಬಂದರು. ಹಗಲಿನ ದೃಷ್ಟಿ ಚೆನ್ನಾಗಿದೆ, ಎದುರಿನ ದೀಪ ಬಿದ್ದಾಗ ಮಾತ್ರ ಕಣ್ಣು ಸುಧಾರಿಸಿಕೊಳ್ಳೋಕೆ ತಡ ಆಗುತ್ತೆ ಅಂದರಂತೆ. ಕತ್ತು ಪೂರ್ತಿ ತಿರುಗೋದಿಲ್ಲ ಅನ್ನೋದು ಅವರಿಗೇ ಗೊತ್ತಿತ್ತು. ಫಾರಂ ತುಂಬಿ ಕೊಟ್ಟರು, ಲೈಸೆನ್ಸ್ ರಿನ್ಯೂ ಆಯಿತು.

ಮುಂದಿನ ಗುರುವಾರ ನಮ್ಮನೆ ಮೇಜಿನ ಮೇಲೆ ನೋಟ್‌ಬುಕ್ ಬಿಟ್ಟು ಹೋಗಿದ್ದರು. ಕೊನೆಯ ಪುಟ ತೆರೆದಿತ್ತು. ಅದೇ ಮೂರು ಕಾಲಂ. ಗುಂಡಿಯ ಹೆಸರಿನ ಜಾಗದಲ್ಲಿ 'ನಾನು' ಅಂತ ಬರೆದಿದ್ದರು. ಏನು ಮಾಡುತ್ತೆ: ಭದ್ರಾವತಿ–ಶಿವಮೊಗ್ಗ, ಹಗಲು, ವಾರಕ್ಕೊಂದು ಸಲ. ಏನು ಮಾಡಲ್ಲ: ಸಂಜೆ ಆರರ ಮೇಲೆ ಓಡಿಸಲ್ಲ, ಜೋರು ಮಳೆಯಲ್ಲಿ ಹೊರಡಲ್ಲ, ಘಾಟಿ ಬೇಡ, 60 ದಾಟಲ್ಲ. ಮೂರನೇ ಕಾಲಮ್ಮಿನಲ್ಲಿ, ಕೈಬಿಡುವ ಮುಂಚೆ ಹೇಳುತ್ತಾ ಅನ್ನೋ ಕಡೆ, ಒಂದೇ ಪದ: ಹೇಳ್ತೀನಿ.

ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಬಹಳ ಹೊತ್ತು ನೀಲಿ ಗುರುತು ಮಾತ್ರ ಇತ್ತು. ಆಮೇಲೆ, "ಅಮ್ಮನಿಗೆ ಬೆಲ್ಟ್ ಹಾಕ್ಕೊಳ್ಳೋಕೆ ಹೇಳು" ಅಂತ ಬಂತು.